ಮೂರನೇ ವರ್ಷದ ತೋಟವನ್ನು ಕೀಳುವ ಮೊದಲು

ತಂಗಿ, ನಿಮ್ಮ ಪ್ರಶ್ನೆಯನ್ನೂ ಅದಕ್ಕೆ ಬಂದ ಉತ್ತರಗಳನ್ನೂ ಪೂರ್ತಿ ಓದಿದೆ. ಮೂಡಿಗೆರೆ ಹತ್ತಿರದ ಮೂರು ಎಕರೆಯಲ್ಲಿ ಕಾಂಡಕೊರಕ ತಿಂದ ಹಳೆಯ ಗಿಡಗಳನ್ನು ಕಿತ್ತು ಎಸ್.795 ತಳಿಯ ಅರೇಬಿಕಾ ಕಾಫಿ ಹಾಕಿದ್ದೀರಿ. ಸಿಲ್ವರ್ ಓಕ್ ಮರಗಳ ಬುಡಕ್ಕೆ ಪಣಿಯೂರು-1 ತಳಿಯ ಮೆಣಸಿನ ಬಳ್ಳಿ ನೆಟ್ಟಿದ್ದೀರಿ. ಮೂರು ಮಳೆಗಾಲ ಕಳೆಯಿತು, ಕಾಫಿ ಗಿಡಕ್ಕೆ ಹಿಡಿಯಷ್ಟು ಕಾಯಿ, ಮೆಣಸು ಅಲ್ಲೊಂದು ಇಲ್ಲೊಂದು ಗೊಂಚಲು. ಮನೆಯ ಹಿರಿಯರು ಎಲ್ಲವನ್ನೂ ಕಿತ್ತು ಅಡಿಕೆ ಹಾಕೋಣ ಎನ್ನುತ್ತಿದ್ದಾರೆ, ಅಂಗಡಿಯವರು ಹೊಸ ಟಾನಿಕ್ ಹೊಡೆಯಿರಿ ಎನ್ನುತ್ತಿದ್ದಾರೆ, ಇನ್ನೆಷ್ಟು ವರ್ಷ ಕಾಯಲಿ ಎಂದು ನೀವು ಕೇಳುತ್ತಿದ್ದೀರಿ. ನಾನು ಸಕಲೇಶಪುರದ ಕಡೆಯವನು, ನಮ್ಮದೂ ಇದೇ ಬೆಳೆ. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಓದಿ.

ಮೊದಲು ನೇರ ಮಾತು: ಕೀಳಬೇಡಿ. ನೀವು ಹಾಕಿರುವ ಫೋಟೋಗಳನ್ನು ನೋಡಿ ಹೇಳುತ್ತಿದ್ದೇನೆ, ಬರಿ ಸಮಾಧಾನಕ್ಕಲ್ಲ. ಕಾಫಿ ಗಿಡ ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಇದೆ. ಮೆಣಸಿನಲ್ಲಿ ತೊಂದರೆ ಇದೆ, ಮತ್ತು ಆ ತೊಂದರೆ ಕಾಯುತ್ತಾ ಕೂತರೆ ಸರಿಹೋಗುವಂಥದ್ದಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಅರೇಬಿಕಾ ಮೂರು-ನಾಲ್ಕನೇ ವರ್ಷಕ್ಕೆ ಕಾಯಿ ತೋರಿಸುತ್ತದೆ, ತುಂಬು ಫಸಲಿಗೆ ಆರೇಳು ವರ್ಷ ಬೇಕು. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಮೂರನೇ ವರ್ಷಕ್ಕೆ ಧೈರ್ಯ ಕುಸಿಯುತ್ತದೆ. ನಾವು ಮಾಡಿದ ಕೆಲಸಕ್ಕೆ ಗಿಡ ಎಷ್ಟು ತಡವಾಗಿ ಉತ್ತರ ಕೊಡುತ್ತದೆ ಎಂಬ ಲೆಕ್ಕವನ್ನು ಕೂತು ಹಾಕದಿರುವುದೇ ಇದಕ್ಕೆ ಕಾರಣ ಎಂದು ನನಗನ್ನಿಸುತ್ತದೆ. ಅರೇಬಿಕಾ ಕಾಯಿ ಕಚ್ಚುವುದು ಹಿಂದಿನ ವರ್ಷ ಬೆಳೆದ ರೆಂಬೆಯಲ್ಲಿ. ಈ ವರ್ಷ ಮೇ ತಿಂಗಳಿನಲ್ಲಿ ಗೊಬ್ಬರ ಕೊಟ್ಟಿರಿ ಎಂದಿಟ್ಟುಕೊಳ್ಳಿ. ಅದರ ಬಲದಲ್ಲಿ ಮಳೆಗಾಲದುದ್ದಕ್ಕೂ ರೆಂಬೆ ಉದ್ದವಾಗುತ್ತದೆ. ಮಳೆ ಹಿಂದೆ ಸರಿದು ಹಗಲು ಚಿಕ್ಕದಾಗುತ್ತಾ ಬಂದಂತೆ ಆ ಹೊಸ ಗಿಣ್ಣುಗಳಲ್ಲಿ ಮೊಗ್ಗು ಕೂರುತ್ತದೆ. ಮೊಗ್ಗು ಬೇಸಿಗೆಯ ಹೂಮಳೆಗೆ ಕಾದು, ಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಅರಳುತ್ತದೆ. ಹೂವಿನಿಂದ ಹಣ್ಣಿಗೆ ಮತ್ತೆ ಎಂಟೊಂಬತ್ತು ತಿಂಗಳು. ಅಂದರೆ ಈ ವರ್ಷದ ಮೇ ತಿಂಗಳ ಗೊಬ್ಬರ ನಿಮ್ಮ ಕಣಕ್ಕೆ ಬರುವುದು ಮುಂದಿನ ವರ್ಷದ ಡಿಸೆಂಬರ್ ಹೊತ್ತಿಗೆ, ಒಂದೂವರೆ ವರ್ಷ ಕಳೆದ ಮೇಲೆ. ಈಗ ಗಿಡದಲ್ಲಿರುವ ಕಾಯಿಯನ್ನು ನೋಡಿ ಈ ವರ್ಷದ ದುಡಿಮೆ ದಂಡವಾಯಿತು ಎಂದು ತೀರ್ಮಾನಿಸಿದರೆ, ಎರಡು ವರ್ಷ ತುಂಬಿರದ ಎಳೆಗಿಡದ ಲೆಕ್ಕವನ್ನು ಈಗಿನ ಗಿಡದ ತಲೆಗೆ ಕಟ್ಟಿದಂತಾಗುತ್ತದೆ.

ನಿಮ್ಮ ಎರಡನೇ ಫೋಟೋದಲ್ಲಿ ಒಂದು ರೆಂಬೆಯನ್ನು ಬೆರಳಿನಿಂದ ಎತ್ತಿ ಹಿಡಿದಿದ್ದೀರಿ. ಅದನ್ನು ದೊಡ್ಡದು ಮಾಡಿ ನೋಡಿದೆ. ಕಾಂಡದ ಪಕ್ಕದಲ್ಲಿ ಕಂದು ತೊಗಟೆಯ ಭಾಗ, ಅಲ್ಲಿ ಬರಿದಾದ ಗಿಣ್ಣುಗಳು. ಆಮೇಲೆ ಮೂರು ಗಿಣ್ಣುಗಳಲ್ಲಿ ಕಾಯಿ, ಒಂದೊಂದರಲ್ಲಿ ನಾಲ್ಕೈದು, ಒಂದೆರಡು ಆಗಲೇ ಹಳದಿಗೆ ತಿರುಗುತ್ತಿವೆ. ಅಲ್ಲಿಂದ ತುದಿಯವರೆಗೆ ಹಸಿರು ದಂಟು, ಎದುರುಬದುರಾಗಿ ಎಲೆ, ನನಗೆ ಕಂಡಷ್ಟು ಎಂಟು ಜೋಡಿ. ನಿಮ್ಮ ಕಣ್ಣು ಕಾಯಿರುವ ಆ ಮೂರು ಗಿಣ್ಣುಗಳ ಮೇಲಿದೆ. ದಯವಿಟ್ಟು ಆಚೆಯ ಎಂಟನ್ನು ನೋಡಿ. ಮುಂದಿನ ಬೇಸಿಗೆಯಲ್ಲಿ ಹೂವು ಬರುವುದು ಅಲ್ಲಿ. ಎಲೆಯಲ್ಲಿ ತುಕ್ಕು ರೋಗವಿಲ್ಲ, ತುದಿ ಒಣಗಿಲ್ಲ, ಗಿಣ್ಣುಗಳ ನಡುವಿನ ಅಂತರ ಅತಿಯಾಗಿ ಉದ್ದವಿಲ್ಲ. ಇಂಥ ಗಿಡಕ್ಕೆ ಮಚ್ಚು ಹಾಕಬೇಕು ಎಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಎಳೆತೋಟದಲ್ಲಿ ಫಸಲನ್ನು ಅಳೆಯಬೇಡಿ, ಹಸಿರು ಗಿಣ್ಣನ್ನು ಅಳೆಯಿರಿ. ತೋಟದ ಬೇರೆ ಬೇರೆ ಮೂಲೆಗಳಲ್ಲಿ ಹತ್ತು ಗಿಡ ಆರಿಸಿ, ಪ್ರತಿ ಗಿಡದಲ್ಲಿ ಎದೆಮಟ್ಟದಿಂದ ಕೆಳಗಿನ ಒಂದು ರೆಂಬೆಗೆ ಬಣ್ಣದ ದಾರ ಕಟ್ಟಿ. ಮಳೆ ಹಿಡಿಯುವ ಮೊದಲೊಮ್ಮೆ, ದೀಪಾವಳಿ ಹೊತ್ತಿಗೊಮ್ಮೆ ಎಣಿಸಿ ನೋಟ್ ಪುಸ್ತಕದಲ್ಲಿ ಬರೆದಿಡಿ. ಚೆನ್ನಾಗಿರುವ ಗಿಡಗಳನ್ನಷ್ಟೇ ಆರಿಸಬೇಡಿ, ಸೊರಗಿದವೂ ಇರಲಿ. ಮನೆಯಲ್ಲಿ ಮಾತು ಬಂದಾಗ ತೋರಿಸಲು ನಿಮ್ಮ ಕೈಯಲ್ಲಿ ಏನಾದರೂ ಇರುತ್ತದೆ.

ಇನ್ನು ಮೆಣಸು. ಮೂರು ಮಳೆಗಾಲ ಕಂಡ ಬಳ್ಳಿ ಎದೆಮಟ್ಟಕ್ಕೇ ನಿಂತಿದೆ ಎಂದರೆ ಅದನ್ನು ನಿಧಾನ ಎನ್ನುವಂತಿಲ್ಲ. ಎಲ್ಲೋ ತಡೆ ಇದೆ. ಫೋಟೋದಲ್ಲಿ ಕಾಣುವ ತಡೆ ಇದು: ಕಟ್ಟಿದ ದಾರ ಕೊಳೆತು ಹೋಗಿ ಬಳ್ಳಿ ಮರದಿಂದ ಒಂದು ಗೇಣು ಹೊರಗೆ ವಾಲಿದೆ. ಮೆಣಸಿನ ಬಳ್ಳಿ ಪ್ರತಿ ಗಿಣ್ಣಿನಲ್ಲೂ ಸಣ್ಣ ಬೇರು ಬಿಟ್ಟು ತೊಗಟೆಯನ್ನು ಹಿಡಿದುಕೊಳ್ಳುತ್ತದೆ. ಗಿಣ್ಣು ತೊಗಟೆಗೆ ತಾಗದಿದ್ದರೆ ಆ ಬೇರು ಗಾಳಿಯಲ್ಲೇ ಒಣಗುತ್ತದೆ. ಹಿಡಿತ ಸಿಕ್ಕಿ ಮೇಲೆ ಹತ್ತಿದ ಮೇಲೆಯೇ ಬಳ್ಳಿ ಅಡ್ಡರೆಂಬೆ ಬಿಡುವುದು, ಗೊಂಚಲು ಬರುವುದು ಆ ಅಡ್ಡರೆಂಬೆಯಲ್ಲಿ. ಜೋತುಬಿದ್ದ ಬಳ್ಳಿಗೆ ಎಷ್ಟು ಗೊಬ್ಬರ ಸುರಿದರೂ ಅದು ನೆಲದ ಮೇಲೆ ಹರಿಯುತ್ತದೆಯೇ ಹೊರತು ಕಾಳು ಕೊಡುವುದಿಲ್ಲ. ಈ ವಾರವೇ ಒಬ್ಬರನ್ನು ಜೊತೆಗಿಟ್ಟುಕೊಂಡು ಎಲ್ಲ ಬಳ್ಳಿಗಳನ್ನೂ ಮರಕ್ಕೆ ಒತ್ತಿ ಕಟ್ಟಿಸಿ. ಗಿಣ್ಣಿನ ಕೆಳಗೆ ಕಟ್ಟಿ, ತೀರ ಬಿಗಿಯಾಗಿ ಬೇಡ. ಬುಡದಲ್ಲಿ ಹರಿದಿರುವ ಬಳ್ಳಿಯಲ್ಲಿ ಬಲವಾದ ಒಂದೆರಡನ್ನು ಮರಕ್ಕೆ ತಿರುಗಿಸಿ, ಉಳಿದದ್ದನ್ನು ಕತ್ತರಿಸಿ. ಕಟ್ಟುವ ಕೆಲಸ ವರ್ಷಕ್ಕೊಮ್ಮೆ ಮಾಡಿ ಮರೆಯುವಂಥದ್ದಲ್ಲ, ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಸುತ್ತಬೇಕು.

ಎರಡನೇ ತಡೆ ನೆರಳು. ಪಣಿಯೂರು-1 ಬೆಳಕು ಕೇಳುವ ತಳಿ, ದಟ್ಟ ನೆರಳಿನಲ್ಲಿ ಬಳ್ಳಿ ಬೆಳೆದರೂ ಕಾಳು ಕಡಿಮೆ. ಆದರೆ ಇದನ್ನು ಓದಿ ನಾಳೆಯೇ ಮರ ಹತ್ತಿಸಬೇಡಿ. ಮುಂದೆ ಬೇಸಿಗೆ ಇದೆ. ಈಗ ಮೇಲ್ನೆರಳು ತೆಗೆದರೆ ಅರೇಬಿಕಾ ಸುಡುತ್ತದೆ, ಬಿಸಿಲು ಬಿದ್ದ ಕಾಂಡವನ್ನು ಕೊರಕದ ದುಂಬಿ ಹುಡುಕಿಕೊಂಡು ಬರುತ್ತದೆ. ನೀವು ಹಳೆಯ ತೋಟ ಕಳೆದುಕೊಂಡದ್ದೇ ಆ ಕೀಟದಿಂದ. ಮರಗಸಿ, ಅಂದರೆ ನೆರಳುಮರದ ಕೊಂಬೆ ಸವರಿಸುವುದು, ಮುಂದಿನ ಮಳೆಗಾಲದ ಆರಂಭಕ್ಕೆ ಇರಲಿ. ಏಳೆಂಟು ತಿಂಗಳು ಕಾಯಬೇಕಾಗುತ್ತದೆ, ಆದರೆ ಈ ಕಾಯುವಿಕೆಗೆ ಅರ್ಥವಿದೆ.

ಮೂರನೆಯದು ಬುಡದ ನೀರು. ಆಗಸ್ಟ್‌ನಲ್ಲಿ ಬಳ್ಳಿಯ ಬುಡದಲ್ಲಿ ನೀರು ನಿಲ್ಲುತ್ತಿತ್ತೇ ಎಂದು ನೆನಪು ಮಾಡಿಕೊಳ್ಳಿ. ನಿಲ್ಲುತ್ತಿದ್ದರೆ ಬಸಿಗಾಲುವೆ ತೆಗೆಸುವುದೇ ಮೊದಲ ಖರ್ಚು. ನೀರು ನಿಂತ ಕಡೆ ಬೇರು-ಬುಡ ಕೊಳೆಯಿಸುವ ಶೀಘ್ರ ಸೊರಗು ರೋಗ ಬಂದ ಮೇಲೆ ತಾಳ್ಮೆಯಿಂದ ಉಳಿದ ಬಳ್ಳಿಯನ್ನು ನಾನು ಕಂಡಿಲ್ಲ.

ಇಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವ ವಿಷಯ ಬರುತ್ತದೆ. ನಿಮ್ಮ ಪ್ರಶ್ನೆಯ ನಡುವೆ ಒಂದು ವಾಕ್ಯ ಇತ್ತು: ಈ ವರ್ಷ ಕಾಳೇ ಇಲ್ಲವಲ್ಲ ಎಂದು ಎರಡನೇ ಬೋರ್ಡೋ (ರೋಗ ತಡೆಯಲು ಹೊಡೆಯುವ ಮೈಲುತುತ್ತ-ಸುಣ್ಣದ ದ್ರಾವಣ) ಬಿಟ್ಟೆವು ಎಂದು. ನಮ್ಮ ಕಡೆ ಎಳೆತೋಟಗಳು ಕೆಡುವುದನ್ನು ನಾನು ಹೆಚ್ಚಾಗಿ ನೋಡಿರುವುದು ಹೀಗೆಯೇ. ಕಿತ್ತುಹಾಕುವ ದೊಡ್ಡ ನಿರ್ಧಾರಕ್ಕೆ ಬಹಳ ಮೊದಲೇ ಸಣ್ಣ ಸಣ್ಣ ಕೆಲಸಗಳು ಒಂದೊಂದಾಗಿ ತಪ್ಪುತ್ತವೆ. ಫಸಲಿಲ್ಲ ಎಂದು ಕಂಬಚಿಗುರು (ಕಾಂಡದಿಂದ ನೇರ ಮೇಲೇಳುವ ಬೇಡದ ಚಿಗುರು) ತೆಗೆಯುವುದು ಒಂದು ಸುತ್ತು ಕಡಿಮೆ, ಕಾಳಿಲ್ಲ ಎಂದು ಔಷಧಿ ಒಂದು ಸಲ ಕಡಿಮೆ. ಎರಡು ವರ್ಷ ಹೀಗೆ ನಡೆದರೆ ಗಿಡ ನಿಜವಾಗಿಯೂ ಹಿಂದೆ ಬೀಳುತ್ತದೆ. ಆಗ ಕೀಳಬೇಕು ಎನ್ನುವವರ ಮಾತೇ ನಿಜವಾಗಿಬಿಡುತ್ತದೆ. ಫಸಲು ಇಲ್ಲದ ವರ್ಷದಲ್ಲಿ ಫಸಲಿರುವ ವರ್ಷದ ಕೆಲಸವನ್ನೇ, ಅದೇ ಹೊತ್ತಿಗೆ ಮಾಡಬೇಕು. ನಾನು ಹೇಳುವ ತಾಳ್ಮೆ ಇಷ್ಟೇ.

ದಿನಾಂಕ ನೆನಪಿಡುವುದು ಕಷ್ಟವೆನಿಸಿದರೆ ಮಳೆ ನಕ್ಷತ್ರ ಹಿಡಿಯಿರಿ. ಮೃಗಶಿರ ಮಳೆ ಜೋರಾಗುವ ಮೊದಲು ಮೊದಲನೇ ಬೋರ್ಡೋ, ಆಶ್ಲೇಷ-ಮಘೆ ಮಳೆಯ ನಡುವೆ ಬಿಡುವು ಸಿಕ್ಕಾಗ ಎರಡನೆಯದು. ಶೇಕಡ 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ನಿಧಾನವಾಗಿ ಸುರಿಯುತ್ತಾ ಕಲಕಬೇಕು. ಪ್ಲಾಸ್ಟಿಕ್ ಡ್ರಮ್ ಬಳಸಿ, ಕಬ್ಬಿಣದ ಪಾತ್ರೆ ಬೇಡ. ಹೊಡೆಯುವ ಮೊದಲು ತಿಕ್ಕಿ ಹೊಳಪು ಮಾಡಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ತಿಳಿ ಸೇರಿಸಿ ಮತ್ತೆ ಅದ್ದಿ. ಅಲಗು ಹೊಳಪಾಗಿಯೇ ಉಳಿಯುವ ತನಕ ಪಂಪಿಗೆ ತುಂಬಬೇಡಿ, ಎಲೆ ಸುಡುತ್ತದೆ. ದ್ರಾವಣವನ್ನು ಅದೇ ದಿನ ಖಾಲಿ ಮಾಡಿ.

ಸದ್ಯ ಅಕ್ಟೋಬರ್. ಕೊರಕದ ದುಂಬಿ ಹಾರುವ ಕಾಲ ಶುರುವಾಗುತ್ತಿದೆ, ಡಿಸೆಂಬರ್ ತನಕ ಇರುತ್ತದೆ, ಮತ್ತೆ ಏಪ್ರಿಲ್-ಮೇ ತಿಂಗಳಲ್ಲಿ. ಪ್ರತಿ ಗಿಡದ ಕಾಂಡವನ್ನೂ ಕೈಯಿಂದ ಸವರಿ ನೋಡಿಸಿ. ತೊಗಟೆಯ ಮೇಲೆ ಉಂಗುರದಂತೆ ಉಬ್ಬು ಸಿಕ್ಕಿದರೆ ಆ ಗಿಡಕ್ಕೆ ಮಾತ್ರ ಕನಿಕರ ಬೇಡ, ಬುಡಸಮೇತ ಕಿತ್ತು ಸುಟ್ಟುಬಿಡಿ. ಉಳಿದ ಗಿಡಗಳ ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ, ಶೇಕಡ 10ರ ಸುಣ್ಣದ ನೀರನ್ನು ಕಾಂಡಕ್ಕೂ ದಪ್ಪ ರೆಂಬೆಗಳಿಗೂ ಬಳಿಸಿ. ಮಣ್ಣು ಪರೀಕ್ಷೆ ಮಾಡಿಸಿಲ್ಲದಿದ್ದರೆ ಈಗ ಮಾಡಿಸಿ. ನಮ್ಮ ಮಳೆಗೆ ಮಣ್ಣು ಹುಳಿಯಾಗುತ್ತಲೇ ಇರುತ್ತದೆ, ಕಾಫಿಗೆ ಪಿಎಚ್ 6ರಿಂದ 6.5ರ ಒಳಗಿರಬೇಕು. ಕೃಷಿ ಸುಣ್ಣ ಹಾಕುವುದಾದರೆ ಗೊಬ್ಬರದ ಜೊತೆಯಲ್ಲೇ ಹಾಕಬೇಡಿ, ನಡುವೆ ಒಂದು ತಿಂಗಳಾದರೂ ಬಿಡಿ.

ಟಾನಿಕ್ ವಿಚಾರ. ಅದು ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಆದರೆ ಬಳ್ಳಿ ಕಟ್ಟುವುದು, ಬಸಿಗಾಲುವೆ, ಸುಣ್ಣ, ಟಾನಿಕ್ ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಮುಂದಿನ ವರ್ಷ ಯಾವುದರಿಂದ ಏನಾಯಿತು ಎಂದು ನಿಮಗೆ ಗೊತ್ತಾಗುವುದಿಲ್ಲ. ಹೊಡೆಯಲೇಬೇಕು ಎನಿಸಿದರೆ ಒಂದು ಸಾಲಿಗೆ ಹೊಡೆಯಿರಿ, ಪಕ್ಕದ ಸಾಲನ್ನು ಬಿಡಿ, ಎರಡು ಸಾಲಿನ ಕೊಯ್ಲನ್ನೂ ಬೇರೆ ತೂಗಿ.

ಅಡಿಕೆ ಬಗ್ಗೆ ಮನೆಯ ಹಿರಿಯರು ಹೇಳುವುದರಲ್ಲಿ ಹುರುಳಿಲ್ಲ ಎನ್ನಲಾರೆ, ಅವರು ಬೆಲೆ ನೋಡಿ ಹೇಳುತ್ತಿದ್ದಾರೆ. ಆದರೆ ಅಡಿಕೆಯೂ ಫಲಕ್ಕೆ ಬರಲು ಐದಾರು ವರ್ಷ ತೆಗೆದುಕೊಳ್ಳುತ್ತದೆ. ನೀವು ಮೂರು ವರ್ಷ ನಡೆದ ದಾರಿಯನ್ನು ಬಿಟ್ಟು ಮತ್ತೆ ಸೊನ್ನೆಯಿಂದ ಹೊರಟಂತೆ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗದಿಂದ ತೋಟ ಕಳೆದುಕೊಂಡವರನ್ನು ಒಮ್ಮೆ ಮಾತನಾಡಿಸಿ ಬನ್ನಿ ಎಂದು ಅವರಿಗೆ ಹೇಳಿ. 2024ರಲ್ಲಿ ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾದ ಬೆಲೆ ದಾಖಲೆಗೇರಿದಾಗ ಅರೇಬಿಕಾ ಕಿತ್ತು ರೊಬಸ್ಟಾ ಹಾಕುವ ಮಾತು ನಮ್ಮೂರಿನಲ್ಲೂ ಜೋರಾಗಿತ್ತು. ಬೆಲೆ ಒಂದು ಹಂಗಾಮಿನಲ್ಲಿ ತಿರುಗುತ್ತದೆ, ಗಿಡ ಅದರ ಬೆನ್ನು ಹತ್ತಿ ಓಡಲಾರದು.

ನೀವು ನೆಟ್ಟಿರುವ ತಳಿಯ ಕಥೆಯನ್ನೂ ಅವರಿಗೆ ಹೇಳಬಹುದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದು 1925ರಲ್ಲಿ. ತುಕ್ಕು ರೋಗ ತಡೆಯುವ ಗಿಡ ಬೇಕೆಂದು ಎಸ್.288 ತಳಿಯನ್ನು ಕೆಂಟ್ಸ್ ತಳಿಯ ಜೊತೆ ಕೂಡಿಸಿ, ಗಿಡ ಕಾಯಿ ಬಿಡುವ ತನಕ ಕಾದು, ಅದರ ಬೀಜ ಹಾಕಿ ಮತ್ತೆ ಕಾದು, ಎಸ್.795 ರೈತರ ಕೈಗೆ ಬಂದದ್ದು 1940ರ ದಶಕದಲ್ಲಿ. ಇವತ್ತಿಗೂ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳ ಅರೇಬಿಕಾ ತೋಟಗಳಲ್ಲಿ ಅದನ್ನು ನಂಬಿದವರು ಬಹಳ ಮಂದಿ.

ಕಾಯುವುದಕ್ಕೆ ಖರ್ಚಿದೆ ಎಂಬುದು ನನಗೂ ಗೊತ್ತು. ಕೂಲಿ ಕೊಡಬೇಕು, ಮಕ್ಕಳ ಶಾಲೆಯ ಶುಲ್ಕ ಕಟ್ಟಬೇಕು. ಕಾಫಿ ಗಿಡಗಳ ನಡುವೆ ಜಾಗ ಖಾಲಿ ಇರುವ ಕಡೆ ಬಾಳೆ ಹಾಕಿ, ಎಳೆಗಿಡಕ್ಕೆ ನೆರಳೂ ಆಯಿತು, ಸಂತೆಗೆ ಗೊನೆಯೂ ಆಯಿತು. ಶುಂಠಿಗೆ ಮಾತ್ರ ಜಾಗ ಬಿಟ್ಟುಕೊಡಬೇಡಿ, ಆಳವಾಗಿ ಅಗೆದು ಎಳೆಗಿಡದ ಬೇರು ಹರಿಯುತ್ತದೆ.

ಹಿಂದೆ ಸರಿಯುವ ಹೊತ್ತು ಯಾವುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಈ ಎಲ್ಲ ಕೆಲಸ ಹೊತ್ತಿಗೆ ಸರಿಯಾಗಿ ನಡೆದೂ ಮುಂದಿನ ದೀಪಾವಳಿಗೆ ನಿಮ್ಮ ಹತ್ತು ಗಿಡಗಳಲ್ಲಿ ಹಸಿರು ಗಿಣ್ಣು ಈ ವರ್ಷಕ್ಕಿಂತ ಕಡಿಮೆ ಇದ್ದರೆ, ಕಟ್ಟಿದ ಬಳ್ಳಿ ಒಂದು ಮಳೆಗಾಲ ಪೂರ್ತಿ ಮೇಲೆ ಹತ್ತದಿದ್ದರೆ, ಆಗ ಸುಮ್ಮನೆ ಕಾಯಬೇಡಿ. ಬೇರು ಬಿಡಿಸಿ ನೋಡಬೇಕಾಗುತ್ತದೆ, ಬೇರಿನಲ್ಲಿ ಗಂಟು ಇದೆಯೇ, ಕೊಳೆತಿದೆಯೇ ಎಂದು. ಅಲ್ಲಿಯವರೆಗೆ ಕೊರಕ ಹಿಡಿದ ಗಿಡವನ್ನು ಬಿಟ್ಟು ತೋಟದ ಬೇರೆ ಒಂದು ಗಿಡವನ್ನೂ ಕೀಳಲು ಬಿಡಬೇಡಿ.

ಬಳ್ಳಿಯ ಬುಡದ ಫೋಟೋ ನೀವು ಹಾಕಿಲ್ಲ. ಕಸ ಸರಿಸಿ, ಬುಡವೂ ಸುತ್ತಲಿನ ಮಣ್ಣೂ ಕಾಣುವಂತೆ ನಾಲ್ಕೈದು ಬಳ್ಳಿಗಳದ್ದು ತೆಗೆದು ಹಾಕಿ. ಕೆಳಗಿನ ಎಲೆ ಹಳದಿಯಾಗಿದ್ದರೆ ಅದರ ಹಿಂಭಾಗವನ್ನೂ ತೋರಿಸಿ. ಮಣ್ಣಿನ ವರದಿ ಬಂದ ಮೇಲೆ ಸುಣ್ಣದ ಪ್ರಮಾಣವನ್ನು ಕೂತು ಲೆಕ್ಕ ಹಾಕೋಣ.