ನೆರೆಮನೆಯ ನಾಯಿ ಕಚ್ಚಿದರೆ ಹೊಣೆ ಯಾರದು?

ಪ್ರಶ್ನೆ: ಹಾಲಿನ ಸೊಸೈಟಿಗೆ ಹೊರಟಿದ್ದ ಅಮ್ಮನಿಗೆ ನೆರೆಮನೆಯ ನಾಯಿ ರಸ್ತೆಯಲ್ಲೇ ಕಚ್ಚಿ ಮೀನಖಂಡದಲ್ಲಿ ಆಳವಾದ ಗಾಯವಾಗಿದೆ. ನಿನ್ನೆ ಮೊದಲ ಇಂಜೆಕ್ಷನ್ ಆಯಿತು. ನಾಯಿಯವರು ಎರಡು ಸಾವಿರ ಕೊಟ್ಟು 'ಇನ್ನು ತಕರಾರಿಲ್ಲ' ಎಂದು ಬರೆದುಕೊಡಲು ಹೇಳುತ್ತಾರೆ. ಒಪ್ಪದಿದ್ದಾಗ 'ಅದು ಬೀದಿನಾಯಿ, ನಾವು ಅನ್ನ ಹಾಕುವುದಷ್ಟೇ' ಎಂದರು. ಏನು ಮಾಡಬಹುದು?
(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಓದುಗರು)

ಉತ್ತರ: ಆ ಕಾಗದಕ್ಕೆ ಈಗ ಸಹಿ ಹಾಕಬೇಡಿ. ಖರ್ಚು ಎಷ್ಟಾಗುತ್ತದೆಂದು ಇನ್ನೂ ಯಾರಿಗೂ ಗೊತ್ತಿಲ್ಲ. ಚರ್ಮದೊಳಗೆ ಕೊಡುವ ರೇಬಿಸ್ ಲಸಿಕೆಗೆ 0 (ಮೊದಲ ಇಂಜೆಕ್ಷನ್ ಆದ ದಿನ), 3, 7, 28ನೇ ದಿನ ಹೋಗಬೇಕು. ರಕ್ತ ಬಂದ ಆಳದ ಗಾಯಕ್ಕೆ ಲಸಿಕೆಯೊಂದೇ ಸಾಲದು, ಗಾಯದ ಸುತ್ತಲೇ ಇಮ್ಯುನೊಗ್ಲೋಬ್ಯುಲಿನ್ (ರೇಬಿಸ್ ವಿರುದ್ಧದ ಸಿದ್ಧ ಪ್ರತಿಕಾಯಗಳ ಮದ್ದು) ಚುಚ್ಚಬೇಕು. ನಿನ್ನೆ ಅದನ್ನು ಕೊಟ್ಟಿರದಿದ್ದರೆ ಇವತ್ತೇ ಹೋಗಿ ಕೇಳಿ. ಮೊದಲ ಲಸಿಕೆಯಾಗಿ 7 ದಿನ ಕಳೆದರೆ ಅದನ್ನು ಕೊಡುವುದಿಲ್ಲ.

ಕೇಸು ನಿಲ್ಲುವುದೂ ಬೀಳುವುದೂ ಹೆಚ್ಚಾಗಿ ಆಸ್ಪತ್ರೆಯ ಮೊದಲ ಒಪಿ ಚೀಟಿಯಲ್ಲಿ. ಅದರಲ್ಲಿ ಬರೀ 'ನಾಯಿ ಕಡಿತ' ಎಂದಿದ್ದರೆ ಎದುರು ಪಕ್ಷದ ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ. ಮುಂದಿನ ಡೋಸಿಗೆ ಹೋದಾಗ ಯಾರ ಮನೆಯ ನಾಯಿ, ಎಲ್ಲಿ, ಎಷ್ಟು ಗಂಟೆಗೆ ಎಂಬುದನ್ನು ವೈದ್ಯರಿಗೆ ಹೇಳಿ ಬರೆಸಿ. ಮಂಗಳೂರಿನಲ್ಲಿ ಚಿಕಿತ್ಸೆಯಾಗಿದ್ದರೆ ಬಿಲ್ಲು, ಚೀಟಿಗಳನ್ನು ಸೀಲು ಹಾಕಿಸಿ ಅಂದೇ ತನ್ನಿ.

ಬಳಿಕ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿ. ಸಾಕುಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದಿರುವುದು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಅಪರಾಧ. 6 ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಎಫ್‌ಐಆರ್ ಪ್ರತಿಗೆ ಹಣ ಕೊಡಬೇಕಿಲ್ಲ. ದಾಖಲಿಸಲು ಒಪ್ಪದಿದ್ದರೆ ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ಕಳಿಸಿ.

ದೂರು ಕನ್ನಡದಲ್ಲಿರಲಿ, ಹಿಂಜರಿಯಬೇಡಿ. ಕನ್ನಡ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೇ ಕೊಟ್ಟಿದೆ. ಬಾಯಿಮಾತಿನ ಹೇಳಿಕೆಯನ್ನು ಮಲಯಾಳದಲ್ಲಿ ಬರೆದುಕೊಂಡರೆ ಓದಿಸಿ, ಅರ್ಥ ಕೇಳಿ, ಆಮೇಲೆ ಸಹಿ ಹಾಕಿ. ಅವಸರದಲ್ಲಿ ಹಾಕಿದ ಸಹಿಯಿಂದ 'ರಸ್ತೆ' ಹೋಗಿ 'ಅಂಗಳ' ಆದರೆ ಕೇಸಿನ ಬಲವೇ ಹೋಗುತ್ತದೆ.

'ಬೀದಿನಾಯಿ' ಎಂಬ ಮಾತಿಗೆ ಹೆದರಬೇಕಿಲ್ಲ. ಕೇರಳದ ಪಂಚಾಯತ್‌ಗಳಲ್ಲಿ ನಾಯಿ ಸಾಕಲು 1998ರ ನಿಯಮದ ಪ್ರಕಾರ ಲೈಸನ್ಸ್ ಬೇಕು, ಅದಕ್ಕೆ ರೇಬಿಸ್ ಲಸಿಕೆಯ ಸರ್ಟಿಫಿಕೇಟ್ ಬೇಕು. ಲೈಸನ್ಸ್ ಇದೆಯೇ ಎಂದು ಮಾಹಿತಿ ಹಕ್ಕಿನಲ್ಲಿ ಪಂಚಾಯತ್‌ಗೆ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಲೈಸನ್ಸ್ ಇಲ್ಲವೆಂದರೆ ಅವರು ಪಾರಾಗುವುದಿಲ್ಲ, ಅದು ಇನ್ನೊಂದು ತಪ್ಪಾಗುತ್ತದೆ ಅಷ್ಟೇ. ಕೊರಳಪಟ್ಟಿ, ಅವರ ಜಗಲಿಯಲ್ಲಿ ಮಲಗಿದ ಫೋಟೊ, ಮೃಗಾಸ್ಪತ್ರೆಯ ಲಸಿಕೆ ಚೀಟಿ, ನೆರೆಯವರ ಹೇಳಿಕೆ, ಇವೆಲ್ಲ ಸಾಕ್ಷ್ಯವೇ. ಫೋಟೊವನ್ನು ಈಗಲೇ ತೆಗೆಯಿರಿ, ನಾಳೆ ಕೊರಳಪಟ್ಟಿ ಇರಲಾರದು.

ಪರಿಹಾರಕ್ಕೆ ಕಾಸರಗೋಡು ವಿದ್ಯಾನಗರದ ಕೋರ್ಟು ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿದೆ. ನನ್ನ ಸಲಹೆ: ರಾಜಿಯಾಗುವುದಿದ್ದರೂ ಲೋಕ ಅದಾಲತ್‌ನಲ್ಲೇ ಆಗಿ. ಅಲ್ಲಿ ಬರೆದ ರಾಜಿಗೆ ಕೋರ್ಟಿನ ಡಿಕ್ರಿಯ ಬಲವಿದೆ, ಹಣ ಕೊಡದಿದ್ದರೆ ಜಾರಿ ಮಾಡಿಸಬಹುದು. ಮದ್ದಿನ ಖರ್ಚಿನ ಜೊತೆ ಆಟೋ ಬಾಡಿಗೆ, ತಪ್ಪಿದ ಕೂಲಿ, ಜೊತೆಗೆ ಹೋದವರ ಕೂಲಿಯನ್ನೂ ಸೇರಿಸಿ. ಅದು ನಿಜವಾಗಿಯೂ ಬೀದಿನಾಯಿಯೇ ಆಗಿದ್ದರೂ ದಾರಿ ಮುಚ್ಚುವುದಿಲ್ಲ. ಅಂಥ ಪರಿಹಾರಕ್ಕೆ ಸುಪ್ರೀಂ ಕೋರ್ಟು 2016ರಲ್ಲಿ ಕೇರಳಕ್ಕಾಗಿ ನ್ಯಾಯಮೂರ್ತಿ ಸಿರಿಜಗನ್ ಸಮಿತಿಯನ್ನು ನೇಮಿಸಿತ್ತು. ಈಗ ಅರ್ಜಿಯ ಬಗ್ಗೆ ಇದೇ ಪ್ರಾಧಿಕಾರದಲ್ಲಿ ವಿಚಾರಿಸಿ.

ಪ್ರಶ್ನೆ: ಅಡಿಕೆ ಕೊಯ್ಲಿಗೆ ಬಂದ ಕೆಲಸದವರಿಗೆ ನಮ್ಮ ನಾಯಿ ಕಚ್ಚಿತು. ಅದಕ್ಕೆ ಲಸಿಕೆ ಆಗಿದೆ, ಗೇಟಿನಲ್ಲಿ 'ನಾಯಿ ಇದೆ ಎಚ್ಚರಿಕೆ' ಬೋರ್ಡೂ ಇದೆ. ನಮಗೆ ಹೊಣೆ ಇದೆಯೇ?
(ಪೈವಳಿಕೆಯ ಓದುಗರು)

ಉತ್ತರ: ಇದೆ. ನೀವೇ ಕರೆಸಿದವರು ಅತಿಕ್ರಮಿಗಳಲ್ಲ, ಬೋರ್ಡು ನಿಮ್ಮನ್ನು ಉಳಿಸುವುದಿಲ್ಲ. ನಾಯಿ ಕಚ್ಚುತ್ತದೆಂದು ನಿಮಗೆ ಗೊತ್ತಿತ್ತು ಎನ್ನಲು ಅದೇ ಬೋರ್ಡನ್ನು ತೋರಿಸಲೂಬಹುದು.

ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆಸಿ. ಅರಶಿನ, ಸುಣ್ಣ ಹಚ್ಚಲು ಬಿಡಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ದು ಖರ್ಚು ನೀವೇ ಕೊಡಿ. 'ನಮ್ಮ ನಾಯಿಗೆ ಲಸಿಕೆ ಆಗಿದೆ' ಎಂದು ಅವರ ಇಂಜೆಕ್ಷನ್ ತಪ್ಪಿಸಬೇಡಿ. ಅದನ್ನು ನಿರ್ಧರಿಸಬೇಕಾದವರು ವೈದ್ಯರು. ಲಸಿಕೆ ಪುಸ್ತಕ ಅವರ ಕೈಗೆ ಕೊಡಿ.

ನಾಯಿಯನ್ನು 10 ದಿನ ಬೇರೆಯಾಗಿ ಇರಿಸಿ ಪಶುವೈದ್ಯರಿಗೆ ತೋರಿಸಿ. ಸಿಟ್ಟಿನಿಂದ ಹೊಡೆದು ಕೊಂದರೆ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ 5 ವರ್ಷದವರೆಗೆ ಸೆರೆಯಾಗಬಹುದು; ದೂರ ಬಿಟ್ಟುಬಂದರೂ ಅಪರಾಧ. ಎರಡರಲ್ಲೂ ರೋಗವಿತ್ತೇ ಎಂದು ತಿಳಿಯುವ ದಾರಿ ತಪ್ಪಿ, ಕಚ್ಚಿಸಿಕೊಂಡವರು ಆತಂಕದಲ್ಲೇ ದಿನ ದೂಡಬೇಕಾಗುತ್ತದೆ. ಆ 10 ದಿನದೊಳಗೆ ನಾಯಿ ಮಂಕಾದರೆ ಅಥವಾ ಸತ್ತರೆ ಹೂಳುವ ಮೊದಲು ಪಶುವೈದ್ಯರಿಗೂ ಗಾಯಗೊಂಡವರಿಗೂ ತಿಳಿಸಿ. ಇನ್ನು ಮುಂದೆ ಕೆಲಸದವರು ಬರುವ ದಿನ ನಾಯಿ ಗೂಡಿನಲ್ಲಿರಲಿ, ಅವರು ಹೋದ ಮೇಲೆ ಹೊರಗೆ ಬಿಡಿ. ವರ್ಷವಿಡೀ ಸರಪಳಿಯಲ್ಲಿ ಕಟ್ಟಿ ಅಡ್ಡಾಡಿಸದಿರುವುದೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ತಪ್ಪು.