ಒಂದೇ ರೋಬಸ್ಟಾ ಕಾಫಿ ಗಿಡದ ಬೀಜ, ಸಸಿ ಮಾತ್ರ ಬೇರೆ ಬೇರೆ ಯಾಕೆ?

ಚೆನ್ನಾಗಿ ಫಸಲು ಕೊಡುವ ರೋಬಸ್ಟಾ ಗಿಡದ ಬೀಜ ಹಾಕಿದರೂ ಎಲ್ಲ ಸಸಿಗಳು ತಾಯಿಯ ಹಾಗೆ ಬರುವುದಿಲ್ಲ, ಅರೇಬಿಕಾ ಕಾಫಿ ಆದರೆ ಬರುತ್ತದೆ, ಯಾಕೆ ಅಂತ ಕೇಳಿದ್ದೀರಿ.

ನಮ್ಮ ಚಿಕ್ಕಮಗಳೂರು ಕಡೆ ಇದಕ್ಕೆ ಬೀಜವನ್ನು ಬೈಯುವವರೇ ಜಾಸ್ತಿ. ಅಪ್ಪ ಯಾರು ಅಂತ ಯಾರೂ ಕೇಳುವುದಿಲ್ಲ!

ರೋಬಸ್ಟಾದ ಜೀವಕೋಶದಲ್ಲಿ 22 ವರ್ಣತಂತುಗಳು (ಗಿಡದ ಗುಣಗಳನ್ನು ಹೊತ್ತ ಎಳೆಗಳು), ಅಂದರೆ 11 ಜೋಡಿ. ಪರಾಗ ಮತ್ತು ಅಂಡದಲ್ಲಿ ಇರುವುದು ಅರ್ಧ, ಅಂದರೆ 11. ಪ್ರತಿ ಜೋಡಿಯಿಂದ ಒಂದು ಬರುತ್ತದೆ, ಯಾವುದು ಬೇಕಾದರೂ ಬರಬಹುದು. ಇಷ್ಟಕ್ಕೇ 2,048 ಬಗೆ ಆಯಿತು. ಸಾಲದ್ದಕ್ಕೆ, ಬೇರೆಯಾಗುವ ಮೊದಲು ಜೋಡಿಗಳು ತಮ್ಮೊಳಗೆ ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುತ್ತವೆ.

ಒಂದು ಹಣ್ಣು ಹಿಸುಕಿ ನೋಡಿ. ಜಾರಿ ಬರುವ ಎರಡು ಬೀಜಗಳಿಗೆ ಬೇರೆ ಬೇರೆ ಅಂಡ, ಬೇರೆ ಬೇರೆ ಪರಾಗದ ಕಣ. ಅಪ್ಪಂದಿರೂ ಬೇರೆ ಇರಬಹುದು. ಯಾಕಂದ್ರೆ ರೋಬಸ್ಟಾ ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ ಗಾಳಿ, ಜೇನು ಪಕ್ಕದ ತೋಟದಿಂದಲೂ ಪರಾಗ ತರುತ್ತವೆ.

ಅರೇಬಿಕಾದಲ್ಲಿ 44 ವರ್ಣತಂತು. ಅದು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ತಲೆಮಾರುಗಟ್ಟಲೆ ಹೀಗಾದ ತಳಿಯಲ್ಲಿ ಜೋಡಿಯ ಎರಡೂ ಪ್ರತಿಗಳು ಬಹುಪಾಲು ಒಂದೇ ಥರ. ಕಟ್ಟಿನ ತುಂಬಾ ಒಂದೇ ಎಲೆ ಇದ್ದರೆ ಇಸ್ಪೀಟು ಎಷ್ಟು ಕಲಸಿದರೂ ಅಷ್ಟೇ ಅಲ್ವಾ?

ಇಷ್ಟವಾದ ರೋಬಸ್ಟಾ ಗಿಡವೇ ಬೇಕಿದ್ದರೆ ಬೀಜ ಬಿಡಿ, ಅದರ ಕಡ್ಡಿ ತಂದು ಬೇರು ಬರಿಸಿ ಅಥವಾ ಕಸಿ ಕಟ್ಟಿ. ಅಲ್ಲಿ ಪರಾಗವೂ ಇಲ್ಲ, ಅಂಡವೂ ಇಲ್ಲ. 22ಕ್ಕೆ 22 ಹಾಗೇ ಬರುತ್ತದೆ.