ಸಣ್ಣ ಶಾಲೆಯಲ್ಲಿ ಮಗಳಿಗೊಂದು ತಂಡ: ನೀರ್ಚಾಲಿನಿಂದ ಅಮೆರಿಕಕ್ಕೆ ಹೊರಟವರಿಗೆ

ತಂಗೀ, ನಿಮ್ಮ ಪತ್ರ ಓದಿದೆ. ಮಗಳು ಕಾಸರಗೋಡಿನ ನೀರ್ಚಾಲಿನಲ್ಲಿ ಕನ್ನಡ ಮಾಧ್ಯಮದ ಏಳನೇ ತರಗತಿ ಮುಗಿಸಿದ್ದಾಳೆ. ಆಗಸ್ಟಿನಲ್ಲಿ ಅಮೆರಿಕದ ಖಾಸಗಿ ಶಾಲೆಯೊಂದಕ್ಕೆ ಎಂಟಕ್ಕೆ ಸೇರುತ್ತಾಳೆ, ಅಲ್ಲಿ ಆರರಿಂದ ಹನ್ನೆರಡರವರೆಗೆ ಸೇರಿಸಿದರೂ ನೂರೈವತ್ತೇ ಮಕ್ಕಳು. ಶಾಲಾ ಕಲೋತ್ಸವದಲ್ಲಿ ಯಕ್ಷಗಾನ ಕುಣಿದ ಹುಡುಗಿ, ಚೆಂಡೆಯನ್ನೂ ಕಲಿಯುತ್ತಿದ್ದಾಳೆ. ಅಲ್ಲಿ ಮೂಲೆಗುಂಪಾಗುತ್ತಾಳೋ, ಅಪ್ಪ ಅಮ್ಮ ಏನೇನು ಮಾಡಬೇಕಾಗುತ್ತದೆ ಎಂದು ಕೇಳಿದ್ದೀರಿ.

ಶಾಲೆ ಸಣ್ಣದು ಎಂದು ಹೆದರಬೇಡಿ. ಸೇರಿದ ಮೊದಲ ತಿಂಗಳೇ ಸಂಜೆಯ ಒಂದು ತಂಡಕ್ಕೆ ಹೆಸರು ಕೊಡಿಸಿ. ಒಂದಕ್ಕೆ ಮಾತ್ರ. ತರಗತಿಯಲ್ಲಿ ಮಕ್ಕಳು ಪರಸ್ಪರ ಮಾತಾಡಲು ಸಮಯ ಸಿಗುವುದು ಕಡಿಮೆ, ಗೆಳೆತನ ಬೆಳೆಯುವುದು ಶಾಲೆ ಬಿಟ್ಟ ಮೇಲಿನ ಎರಡು ಗಂಟೆಯಲ್ಲಿ. ನಮ್ಮೂರಿನ ಕಲೋತ್ಸವದಲ್ಲಿ ಶಾಲೆ, ಉಪಜಿಲ್ಲೆ, ಜಿಲ್ಲೆ, ರಾಜ್ಯ ಎಂದು ಮೆಟ್ಟಿಲು ಹತ್ತುವ ಕ್ರಮ. ಗೆದ್ದವರು ಮುಂದೆ ಹೋಗುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ಇಲ್ಲಿ ಅಮೆರಿಕದ ಸಣ್ಣ ಶಾಲೆಗಳಲ್ಲಿ ಈ ವಯಸ್ಸಿನವರಿಗೆ ಹೆಚ್ಚಾಗಿ ಆಯ್ಕೆಯೇ ಇರುವುದಿಲ್ಲ, ಹೆಸರು ಕೊಟ್ಟವರೆಲ್ಲ ತಂಡದಲ್ಲಿರುತ್ತಾರೆ. ಏಕೆಂದರೆ ತಂಡ ತುಂಬಲು ಮಕ್ಕಳೇ ಸಾಲುವುದಿಲ್ಲ.

ಕ್ರಾಸ್ ಕಂಟ್ರಿ ಓಟವನ್ನೇ ನೋಡಿ. ಗುಡ್ಡ, ಹುಲ್ಲು, ಕಾಡುದಾರಿಯ ಮೇಲೆ ಓಡುವುದು. ಹೈಸ್ಕೂಲಿಗೆ (ಇಲ್ಲಿ ಒಂಬತ್ತರಿಂದ) ಹೆಚ್ಚಾಗಿ 5 ಕಿ.ಮೀ., ಎಂಟರವರಿಗೆ ಅದಕ್ಕಿಂತ ಕಡಿಮೆ. ಸಾಮಾನ್ಯವಾಗಿ ಒಂದು ತಂಡದಿಂದ 7 ಮಂದಿ ಓಡುತ್ತಾರೆ, ಮೊದಲು ಮುಟ್ಟಿದ 5 ಮಂದಿಯ ಸ್ಥಾನಗಳನ್ನು ಕೂಡಿಸುತ್ತಾರೆ, ಮೊತ್ತ ಕಡಿಮೆ ಇದ್ದ ತಂಡ ಗೆಲ್ಲುತ್ತದೆ. ನಾಲ್ಕೇ ಮಂದಿ ಓಟ ಮುಗಿಸಿದರೆ ತಂಡಕ್ಕೆ ಅಂಕವೇ ಇಲ್ಲ. ಹಾಗಾಗಿ ನಿಧಾನವಾಗಿ ಓಡಿ ಐದನೆಯವಳಾಗಿ ಮುಟ್ಟುವ ಹುಡುಗಿಗಾಗಿ ಉಳಿದ ಎಲ್ಲರೂ ಗೆರೆಯ ಹತ್ತಿರ ನಿಂತು ಕೂಗುತ್ತಾರೆ. ಇಂಗ್ಲಿಷ್ ಇನ್ನೂ ನಾಲಿಗೆಗೆ ಹತ್ತದ ಮಗುವಿಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಕಾಣುವುದಿಲ್ಲ. ಬೇಕಾದದ್ದು ಒಂದು ಜೊತೆ ಒಳ್ಳೆಯ ಓಟದ ಶೂ, ನೀರಿನ ಬಾಟ್ಲಿ. ಕಾಲಿಗೆ ಸರಿಯಾಗುವುದನ್ನು ಇಲ್ಲಿಗೆ ಬಂದ ಮೇಲೆ ಹಾಕಿನೋಡಿ ತೆಗೆಯಿರಿ.

ಎಡವುವುದು ಕಾಗದಪತ್ರದಲ್ಲಿ. ಈ ಓಟದ ಋತುವಿನ ಅಭ್ಯಾಸ ಹಲವು ಕಡೆ ಶಾಲೆ ಶುರುವಾಗುವ ಮೊದಲೇ, ಆಗಸ್ಟಿನಲ್ಲಿ ಹೊರಡುತ್ತದೆ. ಆಟಕ್ಕೆ ಇಳಿಯಲು ವೈದ್ಯರು ಪರೀಕ್ಷಿಸಿ ಸಹಿ ಹಾಕಿದ ಫಾರಂ ಬೇಕು. ಊರಿನ ಡಾಕ್ಟರ ಸಹಿ ಸಾಮಾನ್ಯವಾಗಿ ನಡೆಯುವುದಿಲ್ಲ. ಹೊಸ ರೋಗಿಗೆ ಇಲ್ಲಿ ಡಾಕ್ಟರ ಸಮಯ ಸಿಗಲು ವಾರಗಟ್ಟಲೆ ಹಿಡಿಯಬಹುದು. ಮನೆಯ ವಿಳಾಸ ಖಚಿತವಾದ ದಿನವೇ ಫೋನ್ ಮಾಡಿ. ಸಿಗದಿದ್ದರೆ ಮೊದಲೇ ಸಮಯ ಗೊತ್ತುಮಾಡದೆ ಹೋಗಬಹುದಾದ ಅರ್ಜೆಂಟ್ ಕೇರ್ ಕ್ಲಿನಿಕ್ಕುಗಳಲ್ಲಿ ಕೈಯಿಂದ ದುಡ್ಡು ಕೊಟ್ಟು ಈ ಪರೀಕ್ಷೆ ಮಾಡಿಸಬಹುದು.

ಲಸಿಕೆಯ ಕೆಲಸ ಮಾತ್ರ ಊರಿನಲ್ಲೇ ಮುಗಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದ ಕಾರ್ಡನ್ನು ತೆಗೆದು ಸಾಲು ಸಾಲಾಗಿ ನೋಡಿ. ಎಂ.ಆರ್. (ದಡಾರ, ರುಬೆಲ್ಲಾ) ಎಂದಷ್ಟೇ ಇದ್ದರೆ ಅದರಲ್ಲಿ ಮಂಗನಬಾವಿನ ಭಾಗ ಇಲ್ಲ, ಇಲ್ಲಿ ಕೇಳುವುದು ಎಂ.ಎಂ.ಆರ್. ಹತ್ತನೇ ವಯಸ್ಸಿಗೆ ಕೊಡುವ ಟಿ.ಡಿ.ಯಲ್ಲಿ (ಧನುರ್ವಾಯು, ಡಿಫ್ತೀರಿಯಾ) ನಾಯಿಕೆಮ್ಮಿನ ಭಾಗ ಇಲ್ಲ, ಹೆಚ್ಚಿನ ರಾಜ್ಯಗಳು ಈ ವಯಸ್ಸಿಗೆ ಕೇಳುವುದು ಅದೂ ಸೇರಿರುವ ಟಿಡ್ಯಾಪ್. ಚಿಕನ್‌ಪಾಕ್ಸ್ ಲಸಿಕೆ ಸರಕಾರಿ ಪಟ್ಟಿಯಲ್ಲೇ ಇಲ್ಲ. ಎರಡು ಡೋಸ್ ಬೇಕು, ಹದಿಮೂರು ತುಂಬಿದವರಿಗೆ ನಡುವೆ ಕನಿಷ್ಠ 28 ದಿನ ಬಿಡಬೇಕು. ಹೊರಡುವ ವಾರ ನೆನಪಾದರೆ ಪ್ರಯೋಜನವಿಲ್ಲ. ರಾಜ್ಯದಿಂದ ರಾಜ್ಯಕ್ಕೆ ಪಟ್ಟಿ ಬದಲಾಗುವುದರಿಂದ ಶಾಲೆಯ ಫಾರಂ ತರಿಸಿಕೊಂಡು ಮಂಗಳೂರಿನ ಮಕ್ಕಳ ಡಾಕ್ಟರಿಗೆ ತೋರಿಸಿ, ಹಾಕಿದ ತಾರೀಕುಗಳನ್ನು ಇಂಗ್ಲಿಷಿನಲ್ಲಿ ಬರೆಸಿ. ಕ್ಷಯದ ಲಸಿಕೆ ಬಿ.ಸಿ.ಜಿ. ಹಾಕಿಸಿಕೊಂಡವರಿಗೆ ಕ್ಷಯದ ಚರ್ಮಪರೀಕ್ಷೆ ಸುಮ್ಮನೆ ಪಾಸಿಟಿವ್ ತೋರಿಸಬಹುದು. ಶಾಲೆ ಆ ಪರೀಕ್ಷೆ ಕೇಳಿದರೆ ಅದರ ಬದಲು ರಕ್ತಪರೀಕ್ಷೆ ಮಾಡಿಸುತ್ತೇವೆ ಎಂದು ಹೇಳಿ. ಅದಕ್ಕೆ ಬಿ.ಸಿ.ಜಿ.ಯ ತೊಂದರೆ ಇಲ್ಲ. ಟಿ.ಸಿ., ಅಂಕಪಟ್ಟಿ ಕನ್ನಡದಲ್ಲೋ ಮಲಯಾಳದಲ್ಲೋ ಇದ್ದರೆ ಇಂಗ್ಲಿಷ್ ಅನುವಾದಕ್ಕೆ ಹೆಡ್‌ಮಾಸ್ತರರ ಸಹಿ, ಸೀಲು ಹಾಕಿಸಿ.

ಓಟ ಬೇಡವೆಂದರೆ ನಾಟಕ. ಮಾತು ಬಾರದ ಹೆದರಿಕೆ ಇದ್ದರೆ ಮೊದಲ ವರ್ಷ ವೇಷಭೂಷಣ, ಬೆಳಕು, ರಂಗಸಜ್ಜಿಕೆಯ ಕಡೆಗೆ ಹೆಸರು ಕೊಡಲಿ. ವೇಷ ಕಟ್ಟುವ ಚೌಕಿಯಲ್ಲಿ ಕುಳಿತು ಗೆಜ್ಜೆ ಕಟ್ಟಿ, ಯಾವ ವೇಷ ಯಾವಾಗ ರಂಗಕ್ಕೆ ಹೋಗಬೇಕು ಎಂದು ಕಣ್ಣಿಟ್ಟು ನೋಡಿ ಗೊತ್ತಿರುವ ಹುಡುಗಿ ಅಲ್ಲಿ ಬೇಗ ಬೇಕಾದವಳಾಗುತ್ತಾಳೆ. ಪ್ರದರ್ಶನದ ಹಿಂದಿನ ವಾರ ದಿನಾ ರಾತ್ರಿಯವರೆಗೆ ಅಭ್ಯಾಸ ಇರುತ್ತದೆ, ಆ ವಾರ ಮನೆಯಲ್ಲಿ ಪೂಜೆ, ಪ್ರಯಾಣ ಇಟ್ಟುಕೊಳ್ಳಬೇಡಿ. ಋತುವಿನ ನಡುವೆ ತಂಡ ಬಿಟ್ಟರೆ ಇಲ್ಲಿ ಯಾರೂ ಜಗಳ ಮಾಡುವುದಿಲ್ಲ, ಆದರೆ ಮಕ್ಕಳು ಮರೆಯುವುದಿಲ್ಲ.

ಚೆಂಡೆಯನ್ನು ಮೊದಲ ವಾರವೇ ಹೊತ್ತುಕೊಂಡು ಹೋಗಬೇಡಿ. ಎರಡು ತಿಂಗಳು ಕಳೆಯಲಿ. ಇಂಥ ಶಾಲೆಗಳಲ್ಲಿ ಎಂಟು ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು ಅಡ್ವೈಸರ್ ಆಗಿ ಇರುವುದು ಸಾಮಾನ್ಯ. ಮಗಳೇ ಅವರಿಗೆ ನಾಲ್ಕು ಸಾಲು ಇಮೇಲ್ ಬರೆಯಲಿ: ಏನು ಮಾಡುತ್ತೇನೆ, ಎಷ್ಟು ನಿಮಿಷ, ಎಷ್ಟು ಜಾಗ, ಸದ್ದು ಎಷ್ಟು. ಅಸೆಂಬ್ಲಿಯಲ್ಲಿ ಐದಾರು ನಿಮಿಷ ಸಿಕ್ಕರೆ ದೊಡ್ಡದು. ಯಕ್ಷಗಾನದ ಒಂದು ಹಾಡಿಗೆ ಕುಣಿತ, ಅದಕ್ಕೆ ಮೊದಲು ಒಂದು ನಿಮಿಷ ಕನ್ನಡದ ಕಥೆ ಏನೆಂದು ಇಂಗ್ಲಿಷಿನಲ್ಲಿ ಹೇಳುವುದು, ಅಷ್ಟು ಸಾಕು. ಪೂರ್ತಿ ವೇಷ ಕಟ್ಟಲು ಹೊತ್ತು ಸಿಗುವುದಿಲ್ಲ. ಗೆಜ್ಜೆ, ಚೂಡಿದಾರದಲ್ಲೇ ಆಗಲಿ. ಚೆಂಡೆಯ ಸದ್ದು ಸಣ್ಣ ಕೋಣೆಯಲ್ಲಿ ಕಿವಿಗೆ ಬಡಿಯುತ್ತದೆ, ಜಿಮ್ ಕೇಳಿ. ದೀಪ ಹಚ್ಚುವುದಿದ್ದರೆ ಬ್ಯಾಟರಿ ದೀಪ, ಬೆಂಕಿಗೆ ಶಾಲೆಯೊಳಗೆ ಸಾಮಾನ್ಯವಾಗಿ ಅನುಮತಿ ಇಲ್ಲ. ನೋಡಿದ ಮೇಲೆ ನಾಲ್ಕು ಮಕ್ಕಳು ಕಲಿಯುತ್ತೇವೆಂದು ಬಂದರೆ ಒಬ್ಬ ಶಿಕ್ಷಕರನ್ನು ಒಪ್ಪಿಸಿ ಕ್ಲಬ್ ಮಾಡಬಹುದು. ಸಣ್ಣ ಶಾಲೆಯಲ್ಲಿ ಇದಕ್ಕೆ ಹತ್ತು ಮೇಜು ದಾಟಬೇಕಾಗಿಲ್ಲ.

ತಿಂಡಿಯ ವಿಷಯದಲ್ಲಿ ತುಂಬ ಜಾಗ್ರತೆ ಬೇಕು. ಊರಿನಿಂದ ಗೇರುಬೀಜ ತರುತ್ತೀರಿ, ಖಂಡಿತ. ಅದನ್ನು ತರಗತಿಯಲ್ಲಿ ಹಂಚಲು ಕಳಿಸಬೇಡಿ. ಕೆಲವು ಮಕ್ಕಳಿಗೆ ನೆಲಗಡಲೆ, ಗೇರುಬೀಜದ ಒಂದು ಚೂರು ತಾಗಿದರೂ ಉಸಿರು ಕಟ್ಟುತ್ತದೆ, ಜೀವಕ್ಕೇ ಅಪಾಯ. ಇಲ್ಲಿನ ಕಾನೂನು ಒಂಬತ್ತು ಅಲರ್ಜಿ ಪದಾರ್ಥಗಳ ಹೆಸರನ್ನು ಪೊಟ್ಟಣದ ಮೇಲೆ ಕಡ್ಡಾಯ ಮಾಡಿದೆ, ಎಳ್ಳು ಅದರಲ್ಲಿ ಸೇರಿದ್ದು 2023ರ ಜನವರಿಯಿಂದ. ತರಗತಿಗೆ ಹುಟ್ಟುಹಬ್ಬದ ತಿಂಡಿ ಎಂದರೆ ಲೇಬಲ್ ಇರುವ ಅಂಗಡಿ ಪೊಟ್ಟಣವನ್ನೇ ಅನೇಕ ಶಾಲೆಗಳು ಕೇಳುತ್ತವೆ. ಪ್ರತಿ ಮನೆಯವರೂ ಒಂದೊಂದು ಅಡುಗೆ ತರುವ ಸಂಜೆಯ ಪಾಟ್‌ಲಕ್ ಊಟಕ್ಕೆ ಮನೆಯಡುಗೆ ನಡೆಯುತ್ತದೆ: ಎಂಟು ಹತ್ತು ಮಂದಿಗೆ ಸಾಕಾಗುವಷ್ಟು ಮಾಡಿ, ಇಡೀ ಶಾಲೆಗೆ ಬಡಿಸುವ ಲೆಕ್ಕ ಬೇಡ. ನೆಲಗಡಲೆ ಹಾಕದ ಚಿತ್ರಾನ್ನ ಒಳ್ಳೆಯದು, ತಣ್ಣಗಾದರೂ ರುಚಿ ಕೆಡುವುದಿಲ್ಲ. ಪಾತ್ರೆಯ ಎದುರು ಹಾಕಿದ ಸಾಮಾನುಗಳನ್ನೆಲ್ಲ ಬರೆದ ಚೀಟಿ ಇಡಿ, ಇಂಗನ್ನೂ ಬಿಡಬೇಡಿ. ಹಿಟ್ಟು ಬೆರೆಸಿ ಮಾಡಿದ ಕೂಟು ಇಂಗಿನಲ್ಲಿ ಹೆಚ್ಚಾಗಿ ಗೋಧಿಹಿಟ್ಟು ಇರುತ್ತದೆ.

ನಿಮ್ಮ ಪಾಲಿನ ಕೆಲಸ: ಕುರ್ಚಿ ಹಾಕುವುದು, ಪಂದ್ಯದ ದಿನ ನೀರು ಕೊಡುವುದು, ಟಿಕೇಟು ಹರಿಯುವುದು. ಊರಿನ ಜಾತ್ರೆಯ ಹಾಗೆ ಕೈಜೋಡಿಸಿ, ಪಕ್ಕದಲ್ಲಿ ನಿಂತವರ ಪರಿಚಯ ತಾನಾಗಿ ಆಗುತ್ತದೆ. ಇತರರ ಮಕ್ಕಳನ್ನು ಕಾರಿನಲ್ಲಿ ಪಂದ್ಯಕ್ಕೆ ಕರೆದೊಯ್ಯುವ ಮೊದಲು ಲೈಸೆನ್ಸು, ವಿಮೆಯ ಪ್ರತಿ, ಹಿನ್ನೆಲೆ ಪರಿಶೀಲನೆ ಕೇಳಬಹುದು, ಅದನ್ನು ಅವಮಾನ ಎಂದುಕೊಳ್ಳಬೇಡಿ. ಎಲ್ಲರಿಗೂ ಅದೇ ನಿಯಮ. ಶುರುವಿನಲ್ಲಿ ಹೆತ್ತವರಿಗೆಂದು ನಡೆಸುವ ಸಂಜೆಯಲ್ಲಿ ನಿಮ್ಮ ಮಗಳೊಬ್ಬಳ ವಿಷಯ ಎತ್ತಬೇಡಿ, ಅದಕ್ಕೆ ಬೇರೆ ಸಮಯ ಗೊತ್ತುಮಾಡುತ್ತಾರೆ.

ಫೀಸಿನ ಮೇಲೆ ಆನ್ಯುಯಲ್ ಫಂಡ್ ಎಂದು ದೇಣಿಗೆಯ ಪತ್ರವೂ ಬರುತ್ತದೆ. ಅದು ಫೀಸಲ್ಲ, ಕಡ್ಡಾಯವೂ ಅಲ್ಲ. ಎಷ್ಟು ಕುಟುಂಬಗಳು ಕೊಟ್ಟವು ಎಂಬುದನ್ನೂ ಶಾಲೆ ಲೆಕ್ಕ ಇಡುವುದರಿಂದ ಹತ್ತು ಇಪ್ಪತ್ತು ಡಾಲರ್ ಕೊಟ್ಟರೂ ಅದಕ್ಕೆ ಬೆಲೆ ಇದೆ. ಸಮವಸ್ತ್ರ, ಪ್ರವಾಸ, ಆಟದ ಖರ್ಚು ಫೀಸಿನಲ್ಲಿ ಸೇರಿದೆಯೇ ಎಂದು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಬರೆದು ಕೇಳಿ. ನೆರವು ಬೇಕಿದ್ದರೆ ಆಗಲೇ ಕೇಳಬೇಕು, ವರ್ಷದ ನಡುವೆ ಹಣ ಉಳಿದಿರುವುದು ಅಪರೂಪ.